ಪೇಢೆ ಡಬ್ಬಿಗೆ ಕಾವಲು

“ದೇಸಾಯರ ಮನೆ ಎಲ್ಲಿ, ತಾಯಿ?”

ಹತ್ತು ದೇಶ ಸುತ್ತಿ, ಈಗ ಮನೆಮನೆಗೆ ಕ್ಯಾಮೆರಾ ಕೂಡಿಸುವ ಕೆಲಸ ಹಿಡಿದ ನಾನು ಧಾರವಾಡದ ಓಣಿಯಲ್ಲಿ ದಾರಿ ತಪ್ಪಿ, ಅದೇ ಬೇವಿನ ಮರದ ಕೆಳಗೆ ಮತ್ತೆ ಬಂದು ನಿಂತಿದ್ದೆ.

ಕಾಯಿಪಲ್ಯೆ ಚೀಲ ಹಿಡಿದ ಹೆಂಗಸು ನನ್ನ ಕೈಯಲ್ಲಿದ್ದ ಕ್ಯಾಮೆರಾ ಪೆಟ್ಟಿಗೆ ನೋಡಿ ನಕ್ಕಳು. “ಅಲ್ಲೇ ಅಡಗಿ ಮಾಡಾಕಿ ನಾನು. ದಾರಿ ತೋರಸ್ತೀನಿ, ಬರ್ರಿ ಅಕ್ಕಾರ. ಆದ್ರ ಅಲ್ಲಿ ನಾ ಒಂದ್ ಮಾತು ಅಂದಾಗ ನೀವು ಹೂಂ ಅನ್ನಬೇಕು.”

ದೇಸಾಯರು ಬಾಗಿಲಲ್ಲೇ ಗುಡುಗಿದರು. “ಪೇಢೆ ಡಬ್ಬಿ ದಿನಾ ಖಾಲಿ ಆಗ್ತದ. ಈಕೀನ ಕಳ್ಳಿ! ಅಡಗಿಮನ್ಯಾಗ ಕ್ಯಾಮೆರಾ ಹಾಕ್ರಿ. ಸಿಕ್ಕಳಂದ್ರ ಕೆಲಸದಿಂದ ಹೊರಗ!”

ನಾನು ತಂದ ಕಂಪ್ಯೂಟರ್ ಸಣ್ಣದು, ಸದ್ದಿಲ್ಲದ್ದು. ಹಾರ್ಡ್ ಡಿಸ್ಕ್ ಮಾತ್ರ ದೊಡ್ಡದು, ತಿಂಗಳ ರೆಕಾರ್ಡಿಂಗ್ ಹಿಡಿಯುತ್ತದೆ. ಎಲ್ಲಿಡಲಿ ಎಂದೆ.

“ನನ್ನ ಖೋಲ್ಯಾಗ. ನೋಡಾಂವ ನಾನು, ಅಳಸಾಂವ ನಾನು.”

ಅಡುಗೆಯಾಕೆ ಸೆರಗಿಗೆ ಕೈ ಒರೆಸಿಕೊಂಡು, ಪಡಸಾಲೆಯಲ್ಲಿ ಕೂತಿದ್ದ ದೇಸಾಯರ ಹೆಂಡತಿಯತ್ತ ಕೈ ತೋರಿಸಿದಳು. “ಸಾವ್ಕಾರ್ರು ಹೊರಗ ಹೋದಾಗ ನೋಡೋರು ಯಾರ್ರೀ? ಬಾಯಾರ ಕುರ್ಚಿ ಎದುರಿಗೆ ಇಡ್ರಿ. ಪಾಸ್‌ವರ್ಡೂ ಅವರ ಕಡೇನ ಇರ್ಲಿ. ನಾ ಕದ್ರ ಅವರೇ ಹಿಡೀಲಿ.”

ನನ್ನತ್ತ ನೋಡಿದಳು.

“ಹೂಂ, ಅದೇ ಸರಿ,” ಎಂದೆ.

ಸಕ್ಕರೆ ಕಾಯಿಲೆಯ ಗಂಡನಿಗೆ ಅನ್ನವನ್ನೂ ಅಳೆದು ಬಡಿಸುವ ಬಾಯಿಯವರು ಕನ್ನಡಕ ಏರಿಸಿದರು. “ಛಲೋ ಆತು. ಇಲ್ಲೇ ಇಡ್ರಿ.”

ದೇಸಾಯರ ಮುಖ ಇಳಿಯಿತು. “ಅಡಗಿಮನಿ ಬ್ಯಾಡ ಬಿಡ್ರಿ, ಗೇಟಿಗೆ ಹಾಕೂಣು. ಪೇಢೆ... ಇಲಿ ತಿಂದಿರಬೇಕು.”

“ತಿಂದು, ಡಬ್ಬಿ ಮುಚ್ಚಳಾ ಮುಚ್ಚಿಟ್ಟು ಹೋಗೋ ಇಲಿ ಏನ್ರೀ?” ಎಂದರು ಬಾಯಿಯವರು.

ಅಡುಗೆಯಾಕೆ ನನಗೆ ಚಹಾ ತಂದಳು, ಜೊತೆಗೊಂದು ಪೇಢೆ. ದಾರಿ ತೋರಿಸಿದ ಋಣವನ್ನು ನಾನು ಒಂದು ಹೂಂನಲ್ಲಿ ತೀರಿಸಿದ್ದೆ.