ಸಾಹೇಬರ ಮೊದಲ ಸವಾರಿ

ಆರೋಗ್ಯ ಇಲಾಖೆಯ ವಿಭಾಗೀಯ ಜಂಟಿ ನಿರ್ದೇಶಕ ಡಾ. ವೃಷಭೇಂದ್ರಯ್ಯನವರು ಆಸ್ಪತ್ರೆಗಳ ಪುನರ್ರಚನೆಗೆ ಹೊರಟಿದ್ದರು. ಪುನರ್ರಚನೆ ಎಂದರೆ ತಾಲ್ಲೂಕುಗಳ ಹೆರಿಗೆ ವಾರ್ಡು ಮುಚ್ಚಿ, ಬಸುರಿಯರನ್ನು ಆಂಬ್ಯುಲೆನ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ಸಾಗಿಸುವುದು. ನಮ್ಮೂರ ವಾರ್ಡಿಗೆ ಅವರೇ ಎದುರು ನಿಂತು ಬೀಗ ಹಾಕಿಸಿದರು.

ಆಂಬ್ಯುಲೆನ್ಸ್ ಡ್ರೈವರನ ಮಗಳಿಗೆ ದಿನ ತುಂಬಿತ್ತು. "ಸಾರ್, ಆ ರಸ್ತೆಯಲ್ಲಿ ತಾಯಿ ಮಗು ಉಳಿಯಲ್ಲ" ಎಂದು ಅವನು ಸಾಹೇಬರಿಗೆ ಹೇಳಿದ.

"ನಾನು ಕಾರಿನಲ್ಲಿ ಅದೇ ರಸ್ತೆಯಲ್ಲಿ ಬಂದೆನಲ್ಲ! ನಿನ್ನ ಕೆಲಸ ಸ್ಟೇರಿಂಗ್ ಹಿಡಿಯೋದು, ಬುದ್ಧಿ ಹೇಳೋದಲ್ಲ."

ಡ್ರೈವರ್ ಕೈಮುಗಿದ. "ತಪ್ಪಾಯ್ತು ಸಾರ್. ಪೋಲಿಯೊ ಮೊದಲ ಹನಿ ದೊಡ್ಡವರೇ ಹಾಕ್ತಾರೆ. ಈ ಸೇವೆಗೂ ಮೊದಲ ಸವಾರಿ ತಮ್ಮದೇ ಆಗಲಿ. ಸ್ಟ್ರೆಚರ್ ಮೇಲೆ ಮಲಗಿದ ಫೋಟೊ ಪೇಪರಿನಲ್ಲಿ ಬಂದರೆ ಮಂತ್ರಿಗಳೂ ನೋಡ್ತಾರೆ."

ಮಂತ್ರಿಗಳು ಎಂದದ್ದೇ ತಡ, ಸಾಹೇಬರು ಮಲಗಿದರು. ಫೋಟೊ ಆಯಿತು. ಡ್ರೈವರ್ ಬೆಲ್ಟ್ ಬಿಗಿದ, ಬಾಗಿಲು ಹಾಕಿದ, ಗಾಡಿ ಬಿಟ್ಟ.

ಕಾರಿನ ಸೀಟಿಗೆ ಗೊತ್ತಾಗದ ಗುಂಡಿಗಳೆಲ್ಲ ಸಾಹೇಬರ ಬೆನ್ನಿಗೆ ಗೊತ್ತಾದವು. ಕೆರೆ ಏರಿಯ ಮೇಲೆ ಅವರು ಕಿರುಚಿದರು. "ಅಯ್ಯೋ, ಸೊಂಟ ಹೋಯ್ತು! ವಾಪಸ್ ತಿರುಗಿಸೋ!"

"ಹತ್ತಿಸಿಕೊಂಡವರನ್ನ ಜಿಲ್ಲಾಸ್ಪತ್ರೆಯಲ್ಲೇ ಇಳಿಸಬೇಕು ಅಂತ ತಮ್ಮದೇ ಆದೇಶ ಸಾರ್. ಸ್ವಲ್ಪ ತಡ್ಕೊಳ್ಳಿ, ಕೆಟ್ಟ ರಸ್ತೆ ಇನ್ನೂ ಮುಂದಿದೆ."

"ಬೀಗ ತೆಗೆಸ್ತೀನಿ ಮಾರಾಯ, ನಿಲ್ಲಿಸು!"

"ಮೊದಲು ಫೋನ್ ಮಾಡಿ ಸಾರ್."

ಸಾಹೇಬರು ಮಲಗಿದಲ್ಲಿಂದಲೇ ಫೋನ್ ಮಾಡಿದರು. ಗಾಡಿ ತಿರುಗಿತು. ಆ ವಾರವೇ ಡ್ರೈವರನ ಮಗಳು ನಮ್ಮೂರ ವಾರ್ಡಿನಲ್ಲೇ ಹೆತ್ತಳು.

ಉಳಿದ ತಾಲ್ಲೂಕುಗಳಿಗೂ ಸಾಹೇಬರು ಹೋಗಿ ವಾರ್ಡುಗಳಿಗೆ ಬೀಗ ಹಾಕಿಸಿದರು. ಅಲ್ಲೆಲ್ಲೂ ಅವರನ್ನು ಯಾರೂ ಮಲಗಿಸಲಿಲ್ಲ. ಆ ಬೀಗಗಳು ಇವತ್ತಿಗೂ ಹಾಗೇ ಇವೆ.