ಮುಂದಿನ ಸಾಲಿನ ಕಣ್ಣೀರು

ಕೆಂಪಾಜಮ್ಮನ ಮನೆಯಲ್ಲಿ ಮಾತಾಡುತ್ತಿದ್ದದ್ದು ಟಿವಿಯೊಂದೇ. ಅದಕ್ಕೇ ಆಕೆ ಟಿವಿಯವರ ಹಾಡಿನ ಸ್ಪರ್ಧೆಗೆ ಪ್ರೇಕ್ಷಕಳಾಗಿ ಬಂದು, ಇನ್ನೂರು ಜನರ ನಡುವೆ ಹಾಯಾಗಿ ಕೂತಿದ್ದಳು.

ಹಾಡುವವರು ಇನ್ನೂ ಬಂದೇ ಇರಲಿಲ್ಲ. ನಿರ್ದೇಶಕ ಖಾಲಿ ವೇದಿಕೆಯ ಮೇಲೆ ನಿಂತು ಗುಡುಗಿದ: "ಮೊದಲು ನಿಮ್ಮ ಚಪ್ಪಾಳೆ, ಕಣ್ಣೀರು ಶೂಟ್ ಮಾಡ್ಕೋತೀವಿ. ಆಮೇಲೆ ಹಾಡಿಗೆ ಜೋಡಿಸ್ತೀವಿ. ಎಲ್ಲರೂ ಅಳಿ!"

ಚಪ್ಪಾಳೆಯೇನೋ ಬಿತ್ತು. ಕಣ್ಣೀರು ಮಾತ್ರ ಒಬ್ಬರಿಗೂ ಬರಲಿಲ್ಲ. ಅವನ ಸಿಟ್ಟು ಮುಂದಿನ ಸಾಲಿನಲ್ಲಿದ್ದ ಕೆಂಪಾಜಮ್ಮನ ಮೇಲೆ ತಿರುಗಿತು.

"ಅಜ್ಜಿ, ಅಳೋದಾದ್ರೆ ಕೂತ್ಕೊಳ್ಳಿ. ಇಲ್ಲಾಂದ್ರೆ ಮನೆಗೆ ನಡೀರಿ."

ಮನೆ ಅಂದೊಡನೆ ಅಜ್ಜಿ ಕುರ್ಚಿಗೆ ಇನ್ನಷ್ಟು ಒತ್ತಿ ಕೂತಳು. ಸೆರಗು ಸರಿಮಾಡಿಕೊಂಡು ಹೇಳಿದಳು: "ಅಳ್ತೀನಪ್ಪ. ಆದ್ರೆ ಸಾವಿನ ಮನೇಲೂ ಮಾತಾಡ್ಸೋಕೆ ಯಾರಾದ್ರೂ ಬಂದ್ಮೇಲೇ ಅಳು ಬರೋದು. ಪಕ್ಕ ಕೂತು ಒಂದಿಷ್ಟು ವಿಚಾರಿಸು."

ನಿರ್ದೇಶಕ ಹಲ್ಲು ಕಡಿಯುತ್ತಾ ಕೂತ. ಕ್ಯಾಮೆರಾ ಹತ್ತಿರ ಬಂತು. "ಊಟ ಆಯ್ತಾ?" ಎಂದ.

ಅಜ್ಜಿ ಮುದ್ದೆ ಉಂಡು ಬಂದದ್ದು ಹೇಳಿದಳು. ಮಂಡಿನೋವು ಹೇಳಿದಳು. ಅವನ ಊರು ಕೇಳಿದಳು, ತಾಯಿಯ ಹೆಸರು ಕೇಳಿದಳು. ಅಜ್ಜಿಯ ಮುಖ ಖುಷಿಯಿಂದ ಊರಗಲವಾಗಿತ್ತು.

ಹತ್ತು ನಿಮಿಷವಾಯಿತು. "ಕಣ್ಣೀರೆಲ್ಲಿ ಅಜ್ಜಿ?" ಎಂದು ಅವನು ಕಿರುಚಿ ಎದ್ದ.

"ಬರುತ್ತೆ ಕಣಪ್ಪ," ಎಂದಳು ಅಜ್ಜಿ. "ನೀನು ಎದ್ದು ಹೋಗು, ತಾನಾಗೇ ಬರುತ್ತೆ. ಕ್ಯಾಮೆರಾದವನಿಗೆ ರೆಡಿ ಇರೋಕೆ ಹೇಳು."

ಎದ್ದವನು ನಿಂತೇ ಇದ್ದ. ಆಮೇಲೆ ಮೆಲ್ಲಗೆ ಕೂತು ಕೇಳಿದ: "ಮುದ್ದೆಗೆ ಸಾರು ಏನ್ ಮಾಡಿದ್ರಿ?"