ಚಪ್ಪಲಿ ಎಣಿಸೋ ಊರು

ಬಾ ಅಮ್ಮಣ್ಣಿ, ಇತ್ಲಾಗೆ ಹೊರಳ್ಕೋ. ಹೊದಿಕೆಯಿಂದ ಕಾಲು ಹೊರಗೆ ಹಾಕ್ಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ? ಇವತ್ತಿನ ಕತೆಯೂ ಕಾಲಿಂದೇ. ಹೂಂ ಅಂತಿರ್ಬೇಕು ಮತ್ತೆ, ನಿನ್ನ ಹೂಂ ನಿಂತ್ರೆ ನನ್ನ ಕತೆಯೂ ಅಲ್ಲೇ ಕೂತ್ಬಿಡುತ್ತೆ.

ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬಂದಿರದಿದ್ದ ಕಾಲದಲ್ಲಿ, ಜೋಡಿಕೇರಿ ಅಂತ ಒಂದು ಊರಿತ್ತಂತೆ. ಊರ ನಡುವೆ ಒಂದು ಹಳ್ಳ, ಹಳ್ಳದ ಈ ಕಡೆ ಈಚೆಕೇರಿ, ಆ ಕಡೆ ಆಚೆಕೇರಿ. ಈಚೆಕೇರೀಲಿ ಅಂಗಡಿ, ಸಂತೆಮಾಳ, ಅರಳಿಕಟ್ಟೆ ಎಲ್ಲಾ ಇದ್ವಂತೆ. ಆಚೆಕೇರೀಲಿ ಕಲ್ಲು ಒಡೆಯೋರು, ಕೂಲಿಗೆ ಹೋಗೋರು, ಕುರಿ ಮೇಯಿಸೋರು ಇದ್ರಂತೆ. ಸಂತೆಗೆ ಬರೋ ಗಾಡಿಗಳ ಸುಂಕ ಒಂದು ತಾಮ್ರದ ಹಂಡೆಗೆ ಬೀಳ್ತಿತ್ತು. ಯುಗಾದಿ ಕಳೆದ ಮೇಲೆ ಹಂಡೆಯ ಬಾಯಿ ಬಿಚ್ಚಿ, ಈ ದುಡ್ಡಲ್ಲಿ ಊರಿಗೆ ಏನು ಮಾಡಿಸೋಣ ಅಂತ ಮೂರು ಸೋಮವಾರ ಕಟ್ಟೇಲಿ ಕೂತು ಮಾತಾಡೋದು, ಮೂರನೇ ಸೋಮವಾರ ತೀರ್ಮಾನ ಮಾಡೋದು ಅಲ್ಲಿನ ಪದ್ಧತಿ.

ತೀರ್ಮಾನ ಹೇಗೆ ಮಾಡ್ತಿದ್ರು ಗೊತ್ತಾ? ಒಂದೊಂದು ಕೆಲಸಕ್ಕೆ ಒಂದೊಂದು ಗುರುತಿನ ಕಲ್ಲು ಇಡ್ತಿದ್ರಂತೆ. ಕಟ್ಟೆ ಹತ್ತೋ ಮುಂಚೆ ಯಾರಿಗೆ ಯಾವ ಕೆಲಸ ಬೇಕೋ ಆ ಕಲ್ಲಿನ ಮುಂದೆ ಚಪ್ಪಲಿ ಬಿಡೋದು. ಆಮೇಲೆ ಯಜಮಾನ ಕೆಳಗಿಳಿದು ಜೋಡಿ ಜೋಡಿ ಎಣಿಸೋದು. ಯಾವ ಕಲ್ಲಿನ ಮುಂದೆ ಚಪ್ಪಲಿ ಜಾಸ್ತಿಯೋ ಆ ಕೆಲಸಕ್ಕೆ ದುಡ್ಡು. ಬರಿಗಾಲಲ್ಲಿ ಬಂದೋರು? ಬಂದ್ರೂ ಬಂದ ಹಾಗಲ್ಲ. ಹೆಂಗಸರು ಬರಿಗಾಲು, ಕೂಲಿಯವರು ಬರಿಗಾಲು, ಆಚೆಕೇರಿಗೆ ಆಚೆಕೇರಿಯೇ ಬರಿಗಾಲು. ಯಾರೂ ಮೋಸ ಮಾಡ್ಬೇಕು ಅಂತ ಮಾಡಿದ್ದಲ್ಲ ಅಮ್ಮಣ್ಣಿ, ಅಜ್ಜನ ಕಾಲದಿಂದ ಹಾಗೇ ನಡ್ಕೊಂಡು ಬಂದಿತ್ತು, ಅದು ತಪ್ಪು ಅಂತ ಒಬ್ಬರಿಗೂ ಹೊಳೆದಿರಲಿಲ್ಲ.

ಈಚೆಕೇರೀಲಿ ತಿಪ್ಪವ್ವ ಅಂತ ಒಬ್ಬ ಸೂಲಗಿತ್ತಿ ಇದ್ಲಂತೆ. ಎರಡು ಕೇರಿಗೂ ಅವಳೊಬ್ಬಳೇ. ಕೂಸು ಅಡ್ಡ ತಿರುಗಿರಲಿ, ಕಾಲು ಮುಂದಾಗಿರಲಿ, ಅವಳ ಕೈ ಬಿತ್ತು ಅಂದ್ರೆ ತಾಯಿಯೂ ಕ್ಷೇಮ, ಕೂಸೂ ಕ್ಷೇಮ. ಅಂಥವಳು ಹೋದ ಮಳೆಗಾಲದಲ್ಲಿ ಸೋತಿದ್ದಳು. ಆಚೆಕೇರಿಯ ಕೆಂಚಿಗೆ ನೋವು ಬಂದ ದಿನ ಹಳ್ಳ ದಡ ತುಂಬಿ ಹರೀತಿತ್ತಂತೆ. ತಿಪ್ಪವ್ವ ಈ ದಡದಲ್ಲಿ ನಿಂತು, ಹೀಗೆ ಹಿಡೀರಿ, ಹಾಗೆ ತಿರುಗಿಸ್ರಿ ಅಂತ ಗಂಟಲು ಹರಿಯೋ ಹಾಗೆ ಕೂಗಿದಳಂತೆ. ನೀರಿನ ಅಬ್ಬರದಲ್ಲಿ ಒಂದು ಮಾತೂ ಆ ದಡ ಮುಟ್ಟಲಿಲ್ಲ. ಕೆಂಚಿ ಹೇಗೋ ಬದುಕಿಕೊಂಡಳು, ಕೂಸು ಉಳೀಲಿಲ್ಲ. ಆ ಸಂಕಟ ತಿಪ್ಪವ್ವನ ಎದೇಲಿ ಹಾಗೇ ಇತ್ತು.

ಈಗ ಅವಳ ಕಡೇ ಮಗಳು ನೀಲಿ ಐದು ತಿಂಗಳ ಬಸುರಿ. ನೀಲಿಯನ್ನ ಕೊಟ್ಟಿದ್ದು ಆಚೆಕೇರಿಗೇ. ತಿಪ್ಪವ್ವ ಬೆರಳು ಮಡಚಿ ನೋಡಿದಳು, ಹೆರಿಗೆ ಸರಿಯಾಗಿ ಶ್ರಾವಣಕ್ಕೇ ಬರ್ತಿತ್ತು. ಈಚೆಗೆ ಕರ್ಕೊಂಡು ಬಂದುಬಿಡೋಣ ಅಂದ್ರೆ ನೀಲಿ ಒಪ್ಪಲಿಲ್ಲ. ನಾನೇನೋ ಬರಬಹುದು ಕಣವ್ವ, ಆದ್ರೆ ಇಲ್ಲಿ ಇನ್ನೂ ನಾಲ್ಕು ಜನ ಬಸುರಿಯರು ಇದಾರೆ, ಅವರು ಯಾರ ಮನೆಗೆ ಹೋಗ್ತಾರೆ ಅಂದುಬಿಟ್ಟಳಂತೆ. ಆಗಲಿ, ಹಂಡೆ ದುಡ್ಡಲ್ಲಿ ಹಳ್ಳಕ್ಕೆ ಕಾಲುಸೇತುವೆ ಹಾಕಿಸಿಯೇ ತೀರ್ತೀನಿ ಅಂತ ತಿಪ್ಪವ್ವ ಸೆರಗು ಬಿಗಿದು ಹೊರಟಳು.

ಮೊದಲನೇ ಸೋಮವಾರ ಬಂತು. ಯಜಮಾನ ಕರಿಬಸಪ್ಪ, ವಯಸ್ಸು ಚಿಕ್ಕದು, ಮೀಸೆ ದೊಡ್ಡದು, ಊರಿಗೊಂದು ಕಲ್ಲಿನ ಹೆಬ್ಬಾಗಿಲು ಆಗ್ಲೇಬೇಕು, ಪಕ್ಕದೂರಲ್ಲಿ ಇದೆ ಅಂದನಂತೆ. ತೀರ್ಮಾನ ಆಗೋ ಮುಂಚೆಯೇ ಸ್ವಂತ ದುಡ್ಡಲ್ಲಿ ಎರಡು ಉದ್ದನೆ ಕಲ್ಲುಗಂಬ ತರಿಸಿ ಮಲಗಿಸಿಯೂ ಬಿಟ್ಟಿದ್ದ, ಅಷ್ಟು ಆತುರ ಅವನಿಗೆ. ಅಂಗಡಿ ರುದ್ರಯ್ಯ, ಸಂತೆಮಾಳಕ್ಕೆ ಹಾಸುಗಲ್ಲು ಹಾಕಿಸಿ, ಧೂಳು ಬಂದು ಬೆಲ್ಲ ಎಲ್ಲಾ ಕರ್ರಗೆ ಆಗುತ್ತೆ ಅಂದನಂತೆ. ಆಗ ತಿಪ್ಪವ್ವ ಕೆಳಗಿಂದಲೇ, ನನ್ನದೊಂದು ಮಾತು, ಹಳ್ಳಕ್ಕೆ ಸೇತುವೆ ಅಂದಳು. ಕಟ್ಟೆ ಮೇಲಿದ್ದೋರು ಹಳ್ಳದ ಕಡೆ ನೋಡಿದ್ರು. ಬೇಸಿಗೆ ಅಲ್ವಾ, ಹಳ್ಳದಲ್ಲಿ ಬರೀ ಮರಳು, ಎರಡು ಆಡು ಮಲಗಿದ್ವು. ನೀರೇ ಇಲ್ಲದ ಕಡೆ ಸೇತುವೆ ಯಾಕವ್ವ ಅಂತ ನಕ್ಕರಂತೆ. ಕರಿಬಸಪ್ಪ ನಗಲಿಲ್ಲ. ಗುರುತಿನ ಕಲ್ಲು ಬೇಕಾದ್ರೆ ಇಡು ತಿಪ್ಪವ್ವ, ಆದ್ರೆ ಚಪ್ಪಲಿ ಇಲ್ಲದೆ ನಿನ್ನನ್ನ ಹೇಗೆ ಎಣಿಸಲಿ ಹೇಳು ಅಂದ.

ಅಷ್ಟೇ ತಾನೆ ಅಂದಳು ತಿಪ್ಪವ್ವ. ಆಮೇಲೆ ಚಪ್ಪಲಿ ಹೊಲಿಯೋ ದುರುಗಣ್ಣನ ಹತ್ರ ಹೋದಳು. ಅವನ ಅವಳಿ ಮಕ್ಕಳನ್ನ ಹೊರಗೆ ತಂದಿದ್ದು ಅವಳೇ ಅಲ್ವಾ, ಅವನು ಉಳಿದ ಚೂರು ಪಾರು ಚರ್ಮವೆಲ್ಲಾ ಸೇರಿಸಿ ಒಂದು ಜೊತೆ ಹೊಲಿದು ಕೊಟ್ಟನಂತೆ. ಹುಟ್ಟಿದಾಗಿನಿಂದ ಚಪ್ಪಲಿ ಕಾಣದ ಕಾಲು, ನಡೆದ್ರೆ ಬಾತುಕೋಳಿ. ಎರಡನೇ ಸೋಮವಾರ ಕಿರ್ ಕಿರ್ ಅಂತ ಬಂದು, ಸೇತುವೆ ಕಲ್ಲಿನ ಮುಂದೆ ಬಿಟ್ಟಳು. ರುದ್ರಯ್ಯ ಮಾತ್ರ ಕಾಲಲ್ಲೊಂದು ಜೊತೆ, ಕೈಯಲ್ಲೊಂದು ಜೊತೆ ತಂದಿದ್ದನಂತೆ. ಕೈಯಲ್ಲಿರೋದು ಯಾಕಪ್ಪಾ ಅಂದ್ರೆ, ವಾಪಸ್ ಹೋಗೋಕೆ ಅಂದ. ಕರಿಬಸಪ್ಪ ಎರಡನ್ನೂ ಎಣಿಸಿಬಿಟ್ಟ, ಪದ್ಧತಿ ಅಂದ್ರೆ ಪದ್ಧತಿ! ಹೆಬ್ಬಾಗಿಲಿಗೆ ರಾಶಿ ಚಪ್ಪಲಿ, ಹಾಸುಗಲ್ಲಿಗೆ ಅರ್ಧ ರಾಶಿ, ಸೇತುವೆಗೆ ತಿಪ್ಪವ್ವನ ಒಂದೇ ಒಂದು ಜೊತೆ. ಇವತ್ತಿಂದು ಬರೀ ನೋಟಕ್ಕೆ, ಮುಂದಿನ ವಾರದ್ದೇ ಗಟ್ಟಿ ತೀರ್ಮಾನ ಅಂತ ಹೇಳಿ ಸಭೆ ಎದ್ದಿತು.

ನಿದ್ದೆ ಬಂತಾ? ಇಲ್ವಾ? ಹೂಂ ಅನ್ನು ಮತ್ತೆ.

ಚಪ್ಪಲಿ ಕಚ್ಚಿ ತಿಪ್ಪವ್ವನ ಹಿಮ್ಮಡಿ ಎಲ್ಲಾ ಗುಳ್ಳೆ ಎದ್ದಿತ್ತು. ಚಪ್ಪಲಿಯನ್ನ ಕೈಯಲ್ಲಿ ಹಿಡ್ಕೊಂಡು ಮಗಳನ್ನ ನೋಡೋಕೆ ಹಳ್ಳಕ್ಕೆ ಇಳಿದಳಂತೆ. ಮರಳಿನ ತುಂಬಾ ಹೆಜ್ಜೆ. ಬೆಳಗ್ಗೆ ಕೂಲಿಗೆ ಬಂದೋರ ಹೆಜ್ಜೆ, ಸಂಜೆ ಹೋದೋರ ಹೆಜ್ಜೆ. ಒಂದೊಂದನ್ನೂ ನೋಡ್ತಾ ಬಂದಳು. ಈ ಆರು ಬೆರಳು ಕರಿಯಂದು, ಈ ಚಪ್ಪಟೆ ಪಾದ ಗಂಗಿದು, ಈ ಸೊಟ್ಟ ಹೆಬ್ಬೆರಳು ಕೆಂಚಿದು. ಗುರುತು ಸಿಗದ ಒಂದು ಪಾದವೂ ಇರಲಿಲ್ಲ, ಎಲ್ಲವನ್ನೂ ಎಳೇ ಕೆಂಪು ಇದ್ದಾಗ ಅವಳು ಅಂಗೈಯಲ್ಲಿ ಹಿಡಿದಿದ್ದಳಲ್ಲ. ಕೆಂಚಿಯ ಹೆಜ್ಜೆ ಮುಂದೆ ಸ್ವಲ್ಪ ಹೊತ್ತು ಕೂತಳಂತೆ, ಅತ್ತಳಂತೆ. ಆಮೇಲೆ ಕಣ್ಣೊರೆಸಿಕೊಂಡು ಎದ್ದಳು. ಅವಳಿಗೆ ದಾರಿ ಸಿಕ್ಕಿತ್ತು.

ಮೂರನೇ ಸೋಮವಾರ ಬೆಳಗ್ಗೆ ಕಟ್ಟೆ ಹತ್ರ ಬಂದೋರು ಬಂದಲ್ಲೇ ನಿಂತ್ರಂತೆ. ಅಂಗಳ ಪೂರ್ತಿ ಹಸಿ ಸಗಣಿ ಸಾರಿಸಿದೆ, ಅಂಚಿಗೆ ರಂಗೋಲಿ ಎಳೆ ಇದೆ. ಸಾರಿಸಿ ರಂಗೋಲಿ ಹಾಕಿದ ನೆಲಕ್ಕೆ ಚಪ್ಪಲಿ ಕಾಲಲ್ಲಿ ಯಾರಾದ್ರೂ ಬರ್ತಾರಾ? ಎಲ್ಲಾರೂ ದೂರ, ದಾರಿ ಪಕ್ಕದಲ್ಲೇ ಬಿಟ್ಟು ಬಂದ್ರು. ರುದ್ರಯ್ಯನೂ ಎರಡೂ ಜೊತೆ ಬಿಟ್ಟು ಬಂದ. ಅಂಗಳದಲ್ಲಿ ಮೂರು ದೊಡ್ಡ ಚೌಕ, ಒಂದರಲ್ಲಿ ಬಾಗಿಲಿನ ಚಿತ್ರ, ಒಂದರಲ್ಲಿ ಹಾಸುಗಲ್ಲು, ಒಂದರಲ್ಲಿ ಸೇತುವೆ. ಆ ಹೊತ್ತಿಗೆ ಮರಳು ದಾಟಿಕೊಂಡು ಆಚೆಕೇರಿಗೆ ಆಚೆಕೇರಿಯೇ ಬಂತಂತೆ, ಹೊಟ್ಟೆ ಹೊತ್ತ ನೀಲಿಯೂ ಬಂದಳು.

ಇದೇನು ತಿಪ್ಪವ್ವ, ಚಪ್ಪಲಿ ಎಲ್ಲಾ ಅಲ್ಲಿ ಕಲಸಿ ಬಿದ್ದಿವೆ, ಎಣಿಸೋದು ಹೇಗೆ ಅಂತ ಕರಿಬಸಪ್ಪ ಕೇಳಿದ.

ತಿಪ್ಪವ್ವ ಸೊಂಟಕ್ಕೆ ಕೈ ಇಟ್ಟು ಅಂದಳಂತೆ, ನಿಮ್ಮಜ್ಜ ಚಪ್ಪಲಿ ಎಣಿಸಿದ್ದು ಅದರ ಮೇಲಿನ ಪ್ರೀತಿಗಲ್ಲಪ್ಪ, ಅದು ಹಾಕ್ಕೊಂಡು ಬಂದ ಮನುಷ್ಯರನ್ನ ಎಣಿಸೋಕೆ. ಮನುಷ್ಯರು ಇಲ್ಲೇ ಇದಾರೆ, ಒಬ್ಬೊಬ್ಬರೂ ಬಲಗಾಲು ಒಂದ್ಸಲ ಊರಲಿ, ಹೆಜ್ಜೆ ಎಣಿಸು.

ಪದ್ಧತಿ ಬಿಡೋಕಾಗುತ್ತಾ, ಚಪ್ಪಲಿ ಇಲ್ದೋರಿಗೆ ಮಾತು ಎಲ್ಲಿದೆ ಅಂತ ಕರಿಬಸಪ್ಪ ಮೀಸೆ ಮುಟ್ಟಿಕೊಂಡ.

ಹೌದಾ ಅಂದಳು ತಿಪ್ಪವ್ವ. ನೀನು ಕಾಲು ಮುಂದಾಗಿ ಹುಟ್ಟಿದೋನು ಕಣಪ್ಪ, ನಮ್ಮವ್ವನೂ ನಾನೂ ಸೇರಿ ಎಳೆದುಕೊಂಡಿದ್ದು. ಅವತ್ತು ಮೊದಲು ಕಂಡಿದ್ದು ನಿನ್ನ ಬಲಗಾಲೇ. ಅದರಲ್ಲಿ ಚಪ್ಪಲಿ ಇತ್ತಾ? ಇಲ್ಲ ಅಂತ ನಾವು ನಿನ್ನನ್ನ ಎಣಿಸದೆ ಬಿಟ್ವಾ?

ಕಟ್ಟೆ ಮೇಲೆ ಯಾರೋ ಕಿಸಕ್ ಅಂದ್ರು, ಆಮೇಲೆ ಇಡೀ ಊರು ಹೊಟ್ಟೆ ಹಿಡ್ಕೊಂಡು ನಕ್ಕಿತು, ಕಡೆಗೆ ಕರಿಬಸಪ್ಪನ ಮೀಸೆಯೂ ಅಲುಗಾಡಿತಂತೆ. ಆಯ್ತು, ಕಾಲು ಊರ್ರಪ್ಪಾ, ಹೆಜ್ಜೆನೇ ಎಣಿಸ್ತೀನಿ ಅಂದ.

ಒಬ್ಬೊಬ್ಬರೇ ಬಂದ್ರು. ಹುಟ್ಟಿದಾಗಿನಿಂದ ಕಟ್ಟೆ ಹತ್ರ ಸುಳಿಯದಿದ್ದ ಹೆಂಗಸರು ಬಂದ್ರು. ಆರು ಬೆರಳಿನ ಕರಿಯ ಬಂದ. ಕೆಂಚಿ ಬಂದು, ಸೇತುವೆ ಚೌಕದಲ್ಲಿ ಕಾಲು ಒತ್ತಿ ಇಟ್ಟು, ತುಂಬಾ ಹೊತ್ತು ತೆಗೆಯಲೇ ಇಲ್ಲವಂತೆ. ಅದನ್ನ ಕಂಡು ಹೆಬ್ಬಾಗಿಲು ಬೇಕು ಅಂದಿದ್ದ ನಾಲ್ಕಾರು ಜನ ಈ ಕಡೆ ತಿರುಗಿದ್ರು. ಕರಿಬಸಪ್ಪ ಮಾತ್ರ ತನ್ನ ಹೆಬ್ಬಾಗಿಲಿಗೇ ಕಾಲೂರಿದ, ಅವನ ಆಸೆ ಅವನದು, ಅದೂ ಸರಿಯೇ. ಬಿಸಿಲಿಗೆ ಸಗಣಿ ಒಣಗಿ ಹೆಜ್ಜೆಗಳೆಲ್ಲಾ ಅಚ್ಚೊತ್ತಿದ ಹಾಗೆ ನಿಂತ್ವು. ಕರಿಬಸಪ್ಪ ಒಂದೂ ಬಿಡದೆ ಎಣಿಸಿ, ಸೇತುವೆ ಅಂತ ಗಟ್ಟಿಯಾಗಿ ಕೂಗಿದನಂತೆ.

ಆಮೇಲೆ ಕೆಲಸ ಶುರುವಾಯ್ತು. ಹಂಡೆ ದುಡ್ಡಲ್ಲಿ ಹಳ್ಳದ ನಡುವೆ ಸೇತುವೆ ಹೊರೋ ದಿಂಡು ಕಟ್ಟೋದರೊಳಗೆ ಹಂಡೆ ತಳ ಕಂಡಿತು, ಮೇಲೆ ಹಾಸೋಕೆ ಕಲ್ಲಿಲ್ಲ. ಮೋಡ ಬೇರೆ ಕಟ್ತಿತ್ತು. ಆಗ ಕರಿಬಸಪ್ಪ ಒಂದು ರಾತ್ರಿ ಊಟ ಬಿಟ್ಟು ಯೋಚನೆ ಮಾಡಿ, ಬೆಳಗ್ಗೆ ತನ್ನ ಎತ್ತುಗಳನ್ನ ಕಟ್ಟಿ ಆ ಎರಡು ಕಲ್ಲುಗಂಬ ಎಳೆಸಿಕೊಂಡು ಬಂದನಂತೆ. ನಿಲ್ಲಿಸಿದ್ರೆ ಬಾಗಿಲಾಗ್ತಿತ್ತು, ಮಲಗಿಸಿದ್ರೆ ಸೇತುವೆ ಆಗುತ್ತೆ, ಏಳ್ರೋ ಕೈ ಹಾಕಿ ಅಂದ. ಆಚೆಕೇರಿಯ ಕಲ್ಲು ಒಡೆಯೋರು ಕಂಬ ಎತ್ತಿ ಕೂರಿಸಿದ್ರು.

ಶ್ರಾವಣ ಬಂತು. ಹಳ್ಳ ಕೆಂಪಾಗಿ, ದಡ ತುಂಬಿ, ಹೋ ಅಂತ ಹರೀತಿತ್ತು. ಒಂದು ದಿನ ಬೆಳಗ್ಗೆ ಆ ದಡದಿಂದ ನೀಲಿಯ ಗಂಡ ಓಡಿ ಬಂದ. ತಿಪ್ಪವ್ವ ಈ ಸಲ ಕೂಗಲಿಲ್ಲ. ಕಂಬದ ಮೇಲೆ ಬರಿಗಾಲೂರಿ, ನೀರಿನ ಕಡೆ ತಿರುಗಿಯೂ ನೋಡದೆ ದಾಟಿ ಹೋದಳಂತೆ. ಕೂಸು ಕಾಲು ಮುಂದಾಗಿತ್ತು. ಅವಳ ಕೈ ಇಲ್ಲದಿದ್ರೆ ಏನಾಗ್ತಿತ್ತೋ ಶಿವನೇ ಬಲ್ಲ. ಮಧ್ಯಾಹ್ನದ ಹೊತ್ತಿಗೆ ಹೆಣ್ಣುಕೂಸು ಕಿಟಾರ್ ಅಂತು, ನೀಲಿ ನಕ್ಕಳು. ಉಳಿದ ನಾಲ್ಕು ಮನೇಲೂ ಆ ಮಳೆಗಾಲ ತೊಟ್ಟಿಲು ಕಟ್ಟಿದ್ರಂತೆ.

ಮುಂದಿನ ಯುಗಾದಿಗೆ ಮತ್ತೆ ಅಂಗಳ ಸಾರಿಸಿದ್ರು, ಈ ಸಲ ಊರವರೇ. ಎಲ್ಲಾರೂ ಹೆಜ್ಜೆ ಇಟ್ಟ ಮೇಲೆ ಕರಿಬಸಪ್ಪ ಎಣಿಸ್ತಾ ಎಣಿಸ್ತಾ ಬಂದು, ಆಚೆಕೇರಿಗೆ ಬಾವಿ ಅನ್ನೋ ಚೌಕದಲ್ಲಿ ನಿಂತುಬಿಟ್ಟನಂತೆ. ಅಲ್ಲೊಂದು ಹುಣಿಸೆಬೀಜದಂಥ ಬೆರಳುಗಳ ಪುಟ್ಟ ಹೆಜ್ಜೆ. ಇದು ಯಾರದು ಅಂದ. ತಿಪ್ಪವ್ವ ಸೊಂಟದ ಮೇಲಿದ್ದ ಮೊಮ್ಮಗಳ ಸಗಣಿ ಮೆತ್ತಿದ ಕಾಲು ಸೆರಗಲ್ಲಿ ಮುಚ್ಚಿಕೊಂಡು, ಜಾರಿಬಿಡ್ತಪ್ಪ, ಬೇಕಾದ್ರೆ ಒರೆಸಿಬಿಡು ಅಂದಳು. ಕರಿಬಸಪ್ಪ ಬಗ್ಗಿ ನೋಡಿದ. ಆ ನೀರು ಕುಡಿಯೋದು ಇವಳೂ ತಾನೆ ಅಂದು, ಅದನ್ನೂ ಒಂದು ಅಂತ ಎಣಿಸಿ ಮುಂದಕ್ಕೆ ಹೋದನಂತೆ.

ಅವರು ಆ ದಡದಲ್ಲಿ ಚೆನ್ನಾಗಿದ್ರು, ಇವರು ಈ ದಡದಲ್ಲಿ ಚೆನ್ನಾಗಿದ್ರು, ನನ್ನ ಕತೆಯೂ ಸೇತುವೆ ದಾಟಿ ಮನೆ ಸೇರ್ತು. ಏನೇ, ಹೂಂ ಎಲ್ಲಿ? ಮಲಗಿಬಿಟ್ಟಳು ನೋಡು. ಆಗಲೇ ಕಾಲು ಹೊರಗೆ. ತಾ ಇಲ್ಲಿ, ಹೊದಿಸ್ತೀನಿ.